ನೂರಕ್ಕೆ ಎಂಬತ್ತೈದು

ಗಣಕದಲ್ಲಿ ತೆರೆದಿಟ್ಟ ಲೆಕ್ಕದ ಪಟ್ಟಿಯ ತಲೆಯ ಮೇಲೆ 'ತಿದ್ದಿದೆ' ಎಂಬ ಒಂದು ಪದ ಬರೆಯದೆ ದಶಾಂಶ ಕಾಫಿಗೆ ಎದ್ದದ್ದೇ ಅನರ್ಥಕ್ಕೆ ಮೂಲವಾಯಿತು. ಬಿಂದುವಿನ ಮುಂದೆ ನಾಲ್ಕು ಅಂಕಿ ಬರೆಯದೆ ನಿದ್ದೆ ಬಾರದ ಆ ಸಂಶೋಧಕನಿಗೆ ವಿಭಾಗದವರು ಇಟ್ಟ ಹೆಸರು ಅದು.

ಐದು ವರ್ಷಗಳಿಂದ ಅವನ ಲೆಕ್ಕ ಒಂದೇ. ಪರಮಾಣುಬೀಜದೊಳಗಿನ ಬಲವು ಕಣವಿರುವ ಜಾಗವೊಂದನ್ನೇ ನೋಡಿ ಸುಮ್ಮನಾಗದು. ಅಕ್ಕಪಕ್ಕದ ಜಾಗಗಳ ಸಮಾಚಾರವನ್ನೂ ವಿಚಾರಿಸುತ್ತದೆ. ಆ ವಿಚಾರಣೆಯ ಫಲವಾಗಿ ಕಣದ ತರಂಗವು ಬೀಜದೊಳಗೆ ನೂರಿರಬೇಕಾದಲ್ಲಿ ಎಂಬತ್ತೈದಕ್ಕೆ ಕುಗ್ಗುತ್ತದೆ. ಹೊರಗೆ ಮಾತ್ರ ಇದ್ದಂತೆಯೇ ಇರುತ್ತದೆ, ಮನೆಯೊಳಗೆ ತಗ್ಗಿ ಬೀದಿಯಲ್ಲಿ ಎದೆ ಸೆಟೆಸುವ ಗೃಹಸ್ಥನಂತೆ. ಪ್ರಬಂಧ ಒಪ್ಪಿಸಲು ಅಂದೇ ಕೊನೆಯ ದಿನ. ನಾಲ್ಕು ಗಂಟೆಗೆ ಊರು ಬಿಡಲಿದ್ದ ಗುರುಗಳ ಸಹಿ ಬೀಳದಿದ್ದರೆ ಐದು ವರ್ಷಗಳೂ ನೀರಿನಲ್ಲಿ ಹೋಮ.

ಮರಳಿ ಬಂದು ನೋಡಿದರೆ ಎಂಬತ್ತೈದಿದ್ದಲ್ಲಿ ಅರವತ್ತೊಂದು!

"ಯಾರು ಇದನ್ನ ಮುಟ್ಟಿದ್ದು?"

"ನಾನೇ ಕಣೋ," ಎಂದರು ಹಿರಿಯ ಸಂಶೋಧಕಿ ದೊಡ್ಡಕ್ಕ. "ಕುಗ್ಗಿಸೋದು ಮರೆತಿದ್ದೀಯ ಅಂತ ಪಾಯಿಂಟ್ ಎಂಟು ಐದರಿಂದ ಗುಣಿಸಿಟ್ಟೆ."

"ನೀವೂನಾ?" ಎಂದ ಪಕ್ಕದ ಮೇಜಿನ ಗೆಳೆಯ. "ನಾನೂ ಅದನ್ನೇ ಮಾಡ್ದೆ!"

"ದಮ್ಮಯ್ಯ ದೊಡ್ಡಕ್ಕ! ನೀವಿಬ್ಬರು ಹೀಗೆ ಉಪಕಾರ ಮಾಡ್ತಾ ಹೋದ್ರೆ ಕೊನೆಗೆ ಕಣವೇ ಉಳಿಯಲ್ಲ!"

ಮುಖ ತಿರುಗಿಸಿ ಕೂತು, ಯಾರಿಗೂ ಹೇಳದೆ, ಎರಡು ಬಾರಿ ಭಾಗಿಸಿದ. ಎಂಬತ್ತೈದು ಮರಳಿತು. ಮುದ್ರಿಸಲು ಹೋದರೆ ಕಾಗದವಿಲ್ಲ. ಉಗ್ರಾಣಕ್ಕೆ ಓಡಿ ಕಾಗದ ತಂದು, ಮುದ್ರಿಸಿ, ಓದದೆಯೇ ಗುರುಗಳ ಕೋಣೆಗೆ ನುಗ್ಗಿದ. ಚೀಲ ಹೆಗಲಿಗೇರಿಸಿದ್ದ ಗುರುಗಳು ಕಾಗದ ಕಸಿದುಕೊಂಡರು.

ಅಷ್ಟರಲ್ಲಿ ಹೊರಗಿನಿಂದ ದೊಡ್ಡಕ್ಕನ ದನಿ: "ಮುನಿಸ್ಕೋಬೇಡ್ವೋ! ನೀನು ಉಗ್ರಾಣಕ್ಕೆ ಹೋದಾಗ, ನಾನು ಗುಣಿಸಿದ್ದನ್ನ ನಾನೇ ಭಾಗಿಸಿದ್ದೀನಿ!"

"ನಾನೂ ಭಾಗಿಸ್ದೆ ಕಣೋ!" ಎಂದು ಗೆಳೆಯನೂ ಕೂಗಿದ.

ದಶಾಂಶ ಗುರುಗಳ ಭುಜದ ಮೇಲಿಂದ ಇಣುಕಿದ. ಕಾಗದದಲ್ಲಿದ್ದುದು ೧೧೭.೬೪೭೧.

"ಏನಯ್ಯಾ, ಕುಗ್ಗಬೇಕಾದ್ದು ಉಬ್ಬಿದೆ? ತಿದ್ದುಪಡಿ ಮರೆತಿದ್ದೀಯ." ಗುರುಗಳು ಕೆಂಪು ಶಾಯಿಯಲ್ಲಿ ಪಾಯಿಂಟ್ ಎಂಟು ಐದರಿಂದ ಗುಣಿಸಿದರು. "ನೂರು! ಎಷ್ಟು ದುಂಡಗೆ ಬಂತು ನೋಡು."

"ಸರ್, ನೂರು ಅಂದ್ರೆ... ಕುಗ್ಗಲೇ ಇಲ್ಲ ಅಂತ ಆಗತ್ತೆ."

"ಹಾಗಾದ್ರೆ ಅದನ್ನೇ ಬರಿ. ಲೆಕ್ಕ ಹೇಳಿದ್ದನ್ನ ಬರೆಯೋದಕ್ಕೆ ಅಳುಕ್ಯಾಕೆ?"

ಸಹಿ ಹಾಕಿ ಹೊರಟೇಹೋದರು. ಅಕ್ಕಪಕ್ಕದವರಿಂದ ಕಣಕ್ಕೆ ಎಳ್ಳಷ್ಟೂ ಬಾಧೆಯಿಲ್ಲವೆಂಬುದು ಐದು ವರ್ಷಗಳ ಪ್ರಬಂಧದ ಸಾರವಾಯಿತು.

ದಶಾಂಶ ಗುರುಗಳ ಗುಣಾಕಾರವನ್ನು ಮೂರು ಬಾರಿ ಪರೀಕ್ಷಿಸಿದ. ಅದರಲ್ಲಿ ತಪ್ಪಿರಲಿಲ್ಲ.