ಇನ್ನೊಂದು ದಿನ ಬಳ್ಳಿಯಲ್ಲೇ ಇರಲಿ

ಹಿತ್ತಲಲ್ಲಿ ನಾಲ್ಕು ಗಿಡ ಹಾಕಿಕೊಂಡವನಿಗೆ ನಗೆಪಾಟಲಾಗುವ ಪ್ರಸಂಗಗಳಿಗೆ ಬರವಿಲ್ಲ. ನನಗಂತೂ ಕಾಯಿ ಬಿಟ್ಟಾಗಲೆಲ್ಲ ಒಂದೊಂದು ಒದಗಿ ಬಂದಿದೆ. ಬೆಳೆಸುವುದು ನನಗೆ ಬರುತ್ತಿತ್ತು. ಯಾವಾಗ ಕೊಯ್ಯಬೇಕು ಎಂಬುದು ಮಾತ್ರ ತಲೆಗೆ ಹತ್ತಲು ಹನ್ನೆರಡು ವರ್ಷ ಹಿಡಿಯಿತು. ಕಲಬುರಗಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಅಲ್ಲಿ ಕಡತ ಎಷ್ಟು ಬಲಿತರೂ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಬೆಂಡೆ ಬಲಿತರೆ ಹೆಂಡತಿ ಕೇಳುತ್ತಿದ್ದಳು.

ಕೆಂಪು ಬಟ್ಟೆ ಕಟ್ಟಿದ್ದು

ಮದುವೆಯಾದ ಹೊಸತು. ಕಮಲಾಪುರದ ಅತ್ತೆಯ ಮನೆಗೆ ಹೋಗಿದ್ದೆ. ಅವರ ಹಿತ್ತಲ ಬೇಲಿಯ ತುಂಬ ಹೀರೇಬಳ್ಳಿ. ಅದರ ಬೀಜ ಅತ್ತೆ ತಮ್ಮ ತವರಿನಿಂದ ತಂದದ್ದು, ವರ್ಷವರ್ಷವೂ ಉಳಿಸಿಕೊಂಡು ಬಂದದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಅತ್ತೆ ಚಹಾ ಮಾಡಲು ಒಳಗೆ ಹೋದರು. ಸುಮ್ಮನೆ ಕೂತರೆ ಅಳಿಯ ಸೋಮಾರಿ ಅಂದಾರೆಂದು ನಾನು ಹಿತ್ತಲಿಗೆ ಹೋದೆ. ಒಂದು ಕಾಯಿಯ ತೊಟ್ಟಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ನನಗೆಂದೇ ಗುರುತು ಮಾಡಿ ಇಟ್ಟಿದ್ದಾರೆ ಅಂದುಕೊಂಡು ಉಬ್ಬಿಹೋದೆ. ಕೊಯ್ದು, ಬಟ್ಟೆ ಸಮೇತ ತಂದು ಅವರ ಕೈಗಿಟ್ಟೆ.

ಅತ್ತೆಯ ಮುಖ ಸಣ್ಣದಾಯಿತು. "ಇದು ಬೀಜಕ್ಕ ಬಿಟ್ಟಿದ್ದೆರಿ. ಯಾರೂ ಮುಟ್ಟಬಾರದಂತ ಬಟ್ಟಿ ಕಟ್ಟಿದ್ದೆ."

"ತಪ್ಪಾತ್ರಿ ಅತ್ತಿ. ಪಲ್ಯಾಕರ ಆಗ್ತದೇನ್ರಿ?"

"ತಿನ್ನಾಕ ತಡ ಆಗ್ಯದ, ಬೀಜಕ್ಕ ಇನ್ನೂ ಬಲಿತಿಲ್ಲ. ಎರಡಕ್ಕೂ ಬರದಂಥ ದಿನ ನೋಡಿ ಹರಿದೀರಿ!"

ಪುಣ್ಯಕ್ಕೆ ಬೀಜಕ್ಕೆ ಬಿಟ್ಟ ಇನ್ನೊಂದು ಕಾಯಿ ಬೇಲಿಯ ಆಚೆ ಇತ್ತು. ನನಗೆ ತುಂಬ ನಾಚಿಕೆಯಾಯಿತು. ಮಧ್ಯಾಹ್ನ ಆ ಕಾಯಿಯ ಪಲ್ಯವನ್ನೇ ನನಗೆ ಬಡಿಸಿದರು. ಹೊಸ ಅಳಿಯ, ಬೇಡ ಅನ್ನುವಂತಿಲ್ಲ. ಬರೀ ನಾರು. ನಾನು ಅಗಿಯುತ್ತಿರುವಾಗಲೇ ಮಾವನವರು ಊಟ ಮುಗಿಸಿ, ಕೈ ತೊಳೆದು, ಒಂದು ನಿದ್ದೆ ತೆಗೆದು ಎದ್ದು ಬಂದರು. ಎಲೆಯ ಮುಂದೆ ಕೂತಿದ್ದ ನನ್ನನ್ನು ಕಂಡು ಅತ್ತೆಗೆ ಹೇಳಿದರು: "ಇನ್ನೊಂದೀಟು ಹಾಕು. ಅಳಿಯಂದ್ರಿಗೆ ಪಲ್ಯಾ ಭಾಳ ಸೇರೇದ."

ತುದಿ ಮುರಿದ ಬೆಂಡೆ

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಹತ್ತಿರ ಬಾಡಿಗೆ ಮನೆ ಹಿಡಿದ ಮೇಲೆ ನಾನೂ ಬೆಂಡೆ ಹಾಕಿದೆ. ಅತ್ತೆ ಬಂದಾಗ ಪರೀಕ್ಷೆ ಹೇಳಿಕೊಟ್ಟರು. "ತುದಿ ಮುರೀರಿ. ಟಪ್ ಅಂತ ಮುರೀತಂದ್ರ ಎಳೇದು. ಬಗ್ಗಿತಂದ್ರ ಹೊತ್ತು ಮೀರೇದ."

ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ನಾಲ್ಕು ಕಾಯಿಯ ತುದಿ ಮುರಿದು ನೋಡುತ್ತಿದ್ದೆ. ಎಲ್ಲವೂ ಟಪ್ ಎನ್ನುತ್ತಿದ್ದವು. ಪಾಪ, ಇನ್ನೂ ಎಳೆಯವು, ಇನ್ನೊಂದು ದಿನ ಇರಲಿ ಎಂದು ಗಿಡದಲ್ಲೇ ಬಿಟ್ಟು ಹೋಗುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ತುದಿ ಇರುವ ಬೆಂಡೆ ಒಂದೂ ಉಳಿಯಲಿಲ್ಲ. ತುದಿ ಇಲ್ಲದವೆಲ್ಲ ಕಟ್ಟಿಗೆಯಾಗಿದ್ದವು.

ನಿಜ ಹೇಳಬೇಕೆಂದರೆ ಕೊಯ್ಯಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಗಿಡದಲ್ಲಿದ್ದಷ್ಟು ದಿನ ನಾಳೆಗೆ ಏನೋ ಒಂದು ಇದೆ ಅನ್ನಿಸುತ್ತದೆ. ಕೊಯ್ದರೆ ಅದು ಇವತ್ತಿನ ಪಲ್ಯ, ಅಷ್ಟೇ. ಇದನ್ನು ಅತ್ತೆಯ ಮುಂದೆ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು ಅಂದರು: "ಖರೇ ಅದರಿ. ಆದ್ರ ನಮ್ಮ ಹುಡುಗಿಗೆ ಹಸಿವಿ ಇವತ್ತೇ ಆಗ್ತದಲ್ರಿ?"

ಆಂಟೆನಾದ ಮೇಲಿನದು

ಪ್ರತಿ ವರ್ಷ ಅತ್ತೆ ನನಗೆ ಎಣಿಸಿ ನಾಲ್ಕೇ ಹೀರೇಬೀಜ ಕೊಡುತ್ತಿದ್ದರು. ಹೆಚ್ಚು ಕೊಡುವಷ್ಟು ನಂಬಿಕೆ ಇರಲಿಲ್ಲ. ಒಂದು ವರ್ಷ ನಮ್ಮ ಬಳ್ಳಿ ಗೋಡೆ ಹತ್ತಿ, ಮಾಳಿಗೆಯ ಮೇಲಿನ ಟಿವಿ ಆಂಟೆನಾಕ್ಕೆ ಸುತ್ತಿಕೊಂಡು ಅಲ್ಲೇ ಒಂದು ಕಾಯಿ ಬಿಟ್ಟಿತು. ಟಿವಿ ಮೇಲ್ಮನೆಯಲ್ಲಿದ್ದ ಮನೆ ಮಾಲಕರದು. ಮರಾಠಿ, ಕನ್ನಡ ಎರಡರಲ್ಲೂ ಬೈಯಬಲ್ಲ ನಿವೃತ್ತ ಮಾಸ್ತರರು. ನಾನು ಕಾಯಿಗೆ ಕೈ ಹಾಕಿದ್ದೇ ತಡ, ಕೆಳಗಿನಿಂದ ಕೂಗಿದರು: "ಅಹೋ, ಬಿಡ್ರಿ! ಚಿತ್ರ ಹೋತು! ಆ ಕಾಯಿ ಇದ್ದಾಗ ಟಿವ್ಯಾಗ ಮಂದಿ ಮಾರಿನರ ಕಾಣ್ತಾವ." ಅಂದಿನಿಂದ ಆ ಕಾಯಿಯನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಎರಡು ತಿಂಗಳು ಅದು ಅಲ್ಲೇ ತೂಗಾಡಿ ಒಣಗಿತು.

ಬೈಸಿಕೊಂಡು ಬೈಸಿಕೊಂಡು ಆ ವರ್ಷ ನಾನೂ ಸುಧಾರಿಸಿದ್ದೆ. ಉಳಿದ ಕಾಯಿಗಳನ್ನೆಲ್ಲ ಎಳೆಯವಾಗಿರುವಾಗಲೇ ಕೊಯ್ದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಬಸ್ಸಿಳಿದು ನೇರ ನಮ್ಮ ಹಿತ್ತಲಿಗೆ ಬಂದರು. "ಬೀಜದ ಗಡಿಗ್ಯಾಗ ಇಲಿ ಹೊಕ್ಕು ಒಂದೂ ಉಳಿಸಿಲ್ರಿ. ಅಳಿಯಂದ್ರ, ನೀವು ಹರಿಯೋದು ಮರ್ತ ಕಾಯಿ ಒಂದರ ಇದ್ದೇ ಇರ್ತದಂತ ಬಂದೀನಿ."

ಅವರು ನನ್ನ ಮೇಲೆ ಭರವಸೆ ಇಟ್ಟದ್ದು ಅದೇ ಮೊದಲು. ಅದೂ ನಾನು ಸುಧಾರಿಸಿದ ವರ್ಷ! ಮಾಳಿಗೆಯ ಕಡೆ ನೋಡಿದೆ.

ಮಾಸ್ತರರು ಮಾಳಿಗೆಯ ಬಾಗಿಲಿಗೇ ಅಡ್ಡ ನಿಂತರು. "ಧಾರಾವಾಹಿ ನಡದದ. ಮುಂದಿನ ತಿಂಗಳು ಮುಗೀತದ, ಆಮ್ಯಾಲ ಹರೀರಿ."

ಅತ್ತೆ ಮೆಲ್ಲಗೆ ಅಂದರು: "ನಮ್ಮವ್ವ ಹೋಗಿ ಮೂವತ್ತು ವರ್ಷ ಆತ್ರಿ ಮಾಸ್ತರ. ಆಕಿದು ಅಂತ ನನ್ನ ಹತ್ರ ಉಳಿದದ್ದು ಈ ಬೀಜ ಒಂದೇ."

ಮಾಸ್ತರರು ಬಾಗಿಲು ಬಿಟ್ಟು ಸರಿದರು. ಆಮೇಲೆ ದೊಡ್ಡ ತ್ಯಾಗ ಮಾಡುವವರ ದನಿಯಲ್ಲಿ "ಹರೀರಿ" ಎಂದು ಒಳಗೆ ಹೋದರು.

ಇಬ್ಬರೂ ಮಾಳಿಗೆ ಹತ್ತಿದೆವು. ನಾನು ಕಾಯಿ ಕೊಯ್ದು, ಜೋಪಾನವಾಗಿ ಅತ್ತೆಯ ಕೈಗಿಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದವು. ಅವರ ಕಣ್ಣು ತುಂಬಿಬಂತು.

"ಹನ್ನೆರಡು ವರ್ಷಕ್ಕ ಒಂದು ಕಾಯಿ ಸರಿಯಾದ ಹೊತ್ತಿಗೆ ಹರಿದ್ರಿ ನೋಡ್ರಿ, ಅಳಿಯಂದ್ರ."

ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಮಾಸ್ತರರ ಕೂಗು ಕೇಳಿಸಿತು.

"ಅಹೋ! ಚಿತ್ರ ಕನ್ನಡಿ ಹಂಗ ಬಂತ್ರೀ! ಎರಡು ತಿಂಗಳಿಂದ ಆ ಕಾಯಿ ಯಾಕ ಹರೀಲಿಲ್ರಿ ನೀವು?"