ಮೂವತ್ತೂವರೆ ದಿನದ ಗೈರುಹಾಜರಿ

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ಶಿಕ್ಷಣ ಕಚೇರಿಯ ಫೋನು ಹೊಡೆದುಕೊಂಡಿತು. ಅದನ್ನು ಎತ್ತಬೇಕಾದವರು ಟೈಪಿಸ್ಟ್ ಮೇಡಂ. ಅವರ ಎರಡೂ ಕೈಗೆ ಕಾರ್ಬನ್ ಮಸಿ ಮೆತ್ತಿಕೊಂಡಿದ್ದರಿಂದ ಪಕ್ಕದ ಮೇಜಿನ ಹಾಜರಿ ಗುಮಾಸ್ತರು ಕೈಚಾಚಿ ಎತ್ತಿದರು. ಆ ಕೈಯನ್ನು ಚಾಚದೆ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಅವರ ದಿನ ನೆಟ್ಟಗಿರುತ್ತಿತ್ತು.

ಈ ಗುಮಾಸ್ತರನ್ನು ಕಚೇರಿಯಲ್ಲಿ ಎಲ್ಲರೂ ‘ಪರಂತು’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದಷ್ಟೇ ಅಲ್ಲ, ಎದುರಿಗೂ. ಶಾಲಾ ಮಕ್ಕಳ ಹಾಜರಿಯ ಮೂವತ್ತೆಂಟು ನಿಯಮಗಳನ್ನು ಬರೆದವರು ಅವರೇ. ಪ್ರತಿ ನಿಯಮದ ಬಾಲಕ್ಕೂ ‘ಪರಂತು’ ಎಂದು ಶುರುವಾಗುವ ಒಂದು ವಾಕ್ಯ ಕಟ್ಟಿ, ಮೇಲೆ ಕೊಟ್ಟದ್ದನ್ನು ಕೆಳಗೆ ಕಿತ್ತುಕೊಳ್ಳುವುದು ಅವರ ಕೈಚಳಕ. ಮನೆಯಲ್ಲೂ ಅದೇ ಅಭ್ಯಾಸ. ಹೆಂಡತಿ ಸಿನಿಮಾಕ್ಕೆ ಹೋಗೋಣವೆಂದರೆ, ಹೋಗೋಣ, ಪರಂತು ಬಟ್ಟೆ ಒಣಗಿದ ಮೇಲೆ ಎನ್ನುತ್ತಿದ್ದರು. ಅಷ್ಟರಲ್ಲಿ ಸಿನಿಮಾ ಬದಲಾಗಿರುತ್ತಿತ್ತು.

ಫೋನಿನ ಆ ಕಡೆ ಯಾವುದೋ ಶಾಲೆಯ ಗುಮಾಸ್ತೆ. ಒಂದು ಮಗುವಿನ ಗೈರುಹಾಜರಿ ಮೂವತ್ತೂವರೆ ದಿನವಾಗಿದೆ. ಮೂವತ್ತು ದಾಟಿದರೆ ಪರೀಕ್ಷೆಗೆ ಕೂರಿಸಬಾರದೆಂದು ನಿಯಮವಿದೆ. ಆ ಅರ್ಧವನ್ನು ಬಿಟ್ಟುಬಿಡಬಹುದೇ ಎಂದು ಕೇಳಿದರು. ಮಗು ಯಾರೆಂದು ಹೇಳಲಿಲ್ಲ. ಹೇಳುವಂತಿರಲಿಲ್ಲ. ವಶೀಲಿಗೆ ದಾರಿಯಾಗಬಾರದೆಂದು, ಸಂಶಯ ಕೇಳುವಾಗ ಮಗುವಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಎತ್ತಕೂಡದೆಂಬುದು ಇಪ್ಪತ್ತೆರಡನೇ ನಿಯಮ.

ನಿಯಮಗಳು ಜಾರಿಗೆ ಬಂದ ಮೇಲೆ ಇದೇ ಮೊದಲ ಸಲ ಒಬ್ಬರು ಅವನ್ನು ಓದಿ ಪ್ರಶ್ನೆ ಕೇಳಿದ್ದರು. ಪರಂತು ಕುರ್ಚಿಯಲ್ಲಿ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು.

“ಅರ್ಧ ದಿನ ಬರದಿದ್ರೂ ಬರದ ಹಾಗೇ. ಮೂವತ್ತೂವರೆ ಅಂದ್ರೆ ಮೂವತ್ತು ದಾಟಿತು. ಬರ್ಕೊಳ್ಳಿ, ಸ್ಪಷ್ಟೀಕರಣ ಸಂಖ್ಯೆ ಒಂದು.”

ಸಂಖ್ಯೆ ಒಂದು ಎನ್ನುವಾಗ ಅವರ ದನಿ ಚೂರು ನಡುಗಿತು. ಮೊದಲ ಕೂಸನ್ನು ಎತ್ತಿಕೊಂಡವರ ದನಿ ಹಾಗಿರುತ್ತದೆ.

ಹನ್ನೊಂದು ಗಂಟೆಗೆ ಮತ್ತೆ ಫೋನು ಬಂತು. ಈ ಸಲ ಹೆಂಡತಿ, ಬೀದಿ ತುದಿಯ ದಿನಸಿ ಅಂಗಡಿಯಿಂದ. ಮಗಳ ಶಾಲೆಯಿಂದ ಹೇಳಿಕಳಿಸಿದ್ದಾರೆ, ಸೋಮವಾರದ ಪರೀಕ್ಷೆಗೆ ಅವಳಿಗೆ ಹಾಲ್ ಟಿಕೆಟ್ ಇಲ್ಲವಂತೆ, ಮೂವತ್ತೂವರೆ ದಿನ ಗೈರಂತೆ, ಇನ್ನೊಂದು ವರ್ಷ ಏಳನೇ ತರಗತಿಯಲ್ಲೇ ಕೂರಬೇಕಂತೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಆಕೆ ಕೊನೆಗೆ ಕೇಳಿದ್ದು ಒಂದೇ ಮಾತು.

“ಅರ್ಧ ದಿನಾನೂ ಲೆಕ್ಕಕ್ಕೆ ಹಿಡೀರಿ ಅಂತ ನಿಮ್ಮ ಆಫೀಸಿಂದ ಯಾರೋ ಹೇಳಿದ್ರಂತೆ. ಯಾರ್ರೀ ಆ ಮಹಾನುಭಾವ?”

ಪರಂತು ಮನಸ್ಸಿನಲ್ಲೇ ದಿನಗಳನ್ನು ಮತ್ತೆ ಎಣಿಸಿದರು. ಮಗಳು ಕಾಂಪೌಂಡ್ ಗೋಡೆಯಿಂದ ಹಾರಿ ಕಾಲು ಮುರಿದುಕೊಂಡಾಗ ಅವರೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಹೊಡೆದುಹಾಕಿ, ಸರಿಯಾಗಿ ಮೂವತ್ತಕ್ಕೆ ನಿಲ್ಲಿಸಿ, ಮರುದಿನ ಊರುಗೋಲಿನ ಸಮೇತ ಅವಳನ್ನು ತರಗತಿಗೆ ಬಿಟ್ಟು ಬಂದಿದ್ದರು. ಈ ಅರ್ಧ ದಿನ ಎಲ್ಲಿಂದ ಬಂತೋ ತಿಳಿಯಲಿಲ್ಲ. ವಿಚಾರಿಸುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟರು. ಕೈಕಾಲು ತಣ್ಣಗಾಗಿದ್ದವು. ಆದರೂ ಎದೆಯ ಒಂದು ಮೂಲೆ ಬೆಚ್ಚಗಿತ್ತು. ಮುಕ್ಕಾಲು ಗಂಟೆಯಲ್ಲಿ ಅವರ ಸ್ಪಷ್ಟೀಕರಣ ಶಾಲೆ ಮುಟ್ಟಿ, ಜಾರಿಯಾಗಿ, ಮನೆಯವರೆಗೂ ಬಂದಿತ್ತು. ಈ ಇಲಾಖೆಯಲ್ಲಿ ಬೇರೆ ಯಾವ ಕಾಗದ ಅಷ್ಟು ಬೇಗ ನಡೆದಿದೆ?

ಸುದ್ದಿ ಕಚೇರಿಯಲ್ಲಿ ಹಬ್ಬಲು ಎರಡು ನಿಮಿಷ ಸಾಕಾಯಿತು. ಟೈಪಿಸ್ಟ್ ಮೇಡಂ ಕೈ ತೊಳೆದುಕೊಂಡು ಬಂದು, ಒಂದು ವೈದ್ಯರ ಸರ್ಟಿಫಿಕೇಟ್ ತಂದು ಕೊಟ್ಟುಬಿಡಿ ಅಂದರು. ಮಗು ಶಾಲೆಗೆ ಮರಳಿದ ಮೂರು ದಿನದೊಳಗೆ ಕೊಟ್ಟಿರಬೇಕು, ಎಂಟನೇ ನಿಯಮ, ಅಂದರು ಪರಂತು. ಟಪಾಲು ಗುಮಾಸ್ತ ಕುರ್ಚಿ ಎಳೆದುಕೊಂಡು ಬಂದ. ಹಾಜರಿ ಪುಸ್ತಕದಲ್ಲಿ ಒಂದು ಗೀಟು ಎಳೆದರೆ ಗೈರು ಇದ್ದದ್ದು ಹಾಜರಿಯಾಗುತ್ತದೆ, ಕ್ಲಾಸ್ ಟೀಚರನ್ನು ಕೇಳಿ ನೋಡಿ ಎಂದ. ಹಾಜರಿಗೆ ನೀಲಿ, ಗೈರಿಗೆ ಕೆಂಪು, ಸಂಜೆ ಪುಟದ ಬುಡಕ್ಕೆ ಎರಡರ ಮೊತ್ತ, ಅದರ ಮೇಲೆ ಹೆಡ್ ಮಿಸ್ ಸಹಿ. ಹದಿನಾಲ್ಕನೇ ನಿಯಮ, ಅಂದರು ಪರಂತು. ಹಾಗಾದರೆ ಬೇರೆ ಶಾಲೆಗೆ ಸೇರಿಸಿಬಿಡಿ, ಹೊಸ ಪುಸ್ತಕ, ಹೊಸ ಲೆಕ್ಕ, ಅಂದರು ಮೇಡಂ. ಗೈರುಹಾಜರಿ ಮಗುವಿನ ಹಿಂದೆಯೇ ಹೋಗತಕ್ಕದ್ದು, ಮೂವತ್ತೊಂದನೇ ನಿಯಮ, ಎಂದು ಪರಂತು ಮೇಜು ತಟ್ಟಿದರು.

ಟಪಾಲು ಗುಮಾಸ್ತ ಅವರ ಮುಖವನ್ನೇ ನೋಡಿದ.

“ಸಾರ್, ವರ್ಷ ಹೋಗ್ತಿರೋದು ನಿಮ್ಮ ಮಗಳದ್ದು. ನೀವು ಗೆದ್ದವರ ಥರ ಯಾಕೆ ನಗ್ತಿದೀರಾ?”

ಪರಂತು ಬಾಯಿ ಮುಚ್ಚಿಕೊಂಡರು. ನಕ್ಕದ್ದು ಅವರಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಟಪಾಲು ಗುಮಾಸ್ತನ ಸ್ಕೂಟರಿನ ಹಿಂದೆ ಕೂತು ಶಾಲೆಗೆ ಹೊರಟರು. ಪರೀಕ್ಷೆ ಎದುರಿಗಿದ್ದುದರಿಂದ ಶನಿವಾರವೂ ಸಂಜೆಯವರೆಗೆ ತರಗತಿಗಳಿದ್ದವು. ಬರಬೇಡವೆಂದರೂ ಆತ ಬಿಡಲಿಲ್ಲ. ಇಂಥದ್ದನ್ನು ಕಣ್ಣಾರೆ ನೋಡದಿದ್ದರೆ ಊಟ ಸೇರುವುದಿಲ್ಲ ಎಂದ. ಗೇಟಿನಲ್ಲಿ ಕಾವಲುಗಾರ ತಡೆದ. ತರಗತಿ ನಡೆಯುವಾಗ ಪೋಷಕರನ್ನು ಒಳಗೆ ಬಿಡುವಂತಿಲ್ಲ ಎಂದು, ಗಾಜಿನ ಚೌಕಟ್ಟಿನೊಳಗೆ ತೂಗುಹಾಕಿದ್ದ ಹಾಳೆಯತ್ತ ಬೆರಳು ಮಾಡಿದ. ಹತ್ತೊಂಬತ್ತನೇ ನಿಯಮ. ಅಕ್ಷರಗಳು ಬಿಸಿಲಿಗೆ ಸ್ವಲ್ಪ ಮಾಸಿದ್ದವು. ಪರಂತು ತಮ್ಮ ಕರವಸ್ತ್ರದಿಂದ ಗಾಜು ಒರೆಸಿದರು.

ಆಗ ಅವರಿಗೆ ಅದರ ಬಾಲ ಕಣ್ಣಿಗೆ ಬಿತ್ತು. ಪರಂತು, ಮಗುವಿಗೆ ಊಟದ ಡಬ್ಬಿ ತಂದವರನ್ನು ತಡೆಯತಕ್ಕದ್ದಲ್ಲ.

ಟಪಾಲು ಗುಮಾಸ್ತನ ಸ್ಕೂಟರಿನಲ್ಲಿ ಅವನ ಡಬ್ಬಿ ತೂಗಾಡುತ್ತಿತ್ತು. ಅವನು ಕೊಡಲು ಹಿಂದೆ ಮುಂದೆ ನೋಡಿದ, ಹಸಿವು ಬೇರೆ. ಕಿತ್ತುಕೊಂಡಂತೆಯೇ ತೆಗೆದುಕೊಂಡು ಪರಂತು ಒಳಗೆ ನಡೆದರು, ಡಬ್ಬಿಯ ಹಿಂದೆಯೇ ಅವನೂ ನಡೆದ. ಕಾವಲುಗಾರ ಸಲಾಮು ಹೊಡೆದ. ಹತ್ತು ಹೆಜ್ಜೆ ಹೋದ ಮೇಲೆ ಅವರು ನಿಂತು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ‘ಹತ್ತೊಂಬತ್ತು: ಡಬ್ಬಿ ಯಾರದ್ದೆಂದು ಕೇಳಬೇಕು’ ಎಂದು ನಾಚಿಕೆಯಿಂದ ಬರೆದುಕೊಂಡರು.

ಹೆಡ್ ಮಿಸ್ ಎದ್ದು ನಿಂತು ಬರಮಾಡಿಕೊಂಡರು. ಅವರ ಮೇಜಿನ ಮೇಲೆ ನಿಯಮಗಳ ಪ್ರತಿ ಇತ್ತು, ಕಂದು ಕಾಗದದ ಹೊದಿಕೆ, ಅಂಚಿನಲ್ಲಿ ಬಣ್ಣಬಣ್ಣದ ಚೀಟಿ. ಪರಂತು ಕೇಳಬಂದದ್ದನ್ನು ಕ್ಷಣಕಾಲ ಮರೆತು ಅದನ್ನೇ ನೋಡಿದರು. ತಮ್ಮ ಬರಹವನ್ನು ಅಷ್ಟು ಪ್ರೀತಿಯಿಂದ ಸವೆಸಿದವರನ್ನು ಅವರು ಕಂಡಿರಲಿಲ್ಲ.

ಮಾತು ಶುರುವಾಯಿತು. ವಿಶೇಷ ಸಂದರ್ಭವೆಂದು ವಿನಾಯಿತಿ ಕೊಡಲಾಗದೇ ಎಂದು ಪರಂತು ಕೇಳಿದರು. ಹೆಡ್ ಮಿಸ್ ಹಸಿರು ಚೀಟಿಯ ಪುಟ ತೆರೆದರು.

“ಯಾವುದೇ ಮಗುವಿನ ಪೋಷಕರ ಹುದ್ದೆ, ಸ್ಥಾನಮಾನ...”

“...ಅಥವಾ ಕಣ್ಣೀರನ್ನು ವಿಶೇಷ ಸಂದರ್ಭವೆಂದು ಪರಿಗಣಿಸತಕ್ಕದ್ದಲ್ಲ,” ಎಂದು ಪರಂತು ಮುಗಿಸಿದರು.

“ಬಹಳ ಚೆನ್ನಾಗಿ ಬರೆದಿದ್ದೀರಿ ಸಾರ್. ಒಂದು ಕಡೇನೂ ಸೂಜಿ ತೂರಲ್ಲ.”

ಥ್ಯಾಂಕ್ಸ್ ಎಂದುಬಿಟ್ಟರು ಪರಂತು. ಬಾಗಿಲ ಹೊರಗೆ ಹಸಿದು ನಿಂತಿದ್ದ ಟಪಾಲು ಗುಮಾಸ್ತ ಹಣೆ ಚಚ್ಚಿಕೊಂಡ.

ಕೊನೆಗೆ ಅವರು ಆ ಅರ್ಧ ದಿನ ಯಾವತ್ತಿನದು ಎಂದು ಕೇಳಿದರು. ಹೆಡ್ ಮಿಸ್ ಹಾಜರಿ ಪುಸ್ತಕ ತಿರುಗಿಸಿ ಅವರ ಮುಂದೆ ಸರಿಸಿದರು. ಹೋದ ತಿಂಗಳು ಹನ್ನೊಂದು, ಮಧ್ಯಾಹ್ನದ ನಂತರ. ಕೆಂಪು ಗುರುತು.

ಪರಂತು ಆ ತಾರೀಖನ್ನು ನೋಡಿ ಕುರ್ಚಿಗೆ ಒರಗಿದರು. ಹನ್ನೊಂದರ ಮಧ್ಯಾಹ್ನ ಮೂರು ಗಂಟೆಗೆ ಇಲಾಖೆಯ ಸಭಾಂಗಣದಲ್ಲಿ ಅವರಿಗೆ ಪ್ರಶಂಸಾಪತ್ರ ಕೊಟ್ಟಿದ್ದರು, ಹಾಜರಿ ನಿಯಮಗಳನ್ನು ಬರೆದದ್ದಕ್ಕೆ. ಮೊದಲ ಸಾಲಿನಲ್ಲಿ ಯೂನಿಫಾರ್ಮಿನಲ್ಲೇ ಕೂತು, ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಿದ್ದವಳು ಮಗಳು. ಊಟದ ಬಿಡುವಿನಲ್ಲಿ ಅವಳನ್ನು ಶಾಲೆಯಿಂದ ಕರೆದುಕೊಂಡು ಹೋಗಿದ್ದವರು ಅವರೇ. ಆ ಖುಷಿಯಲ್ಲಿ ಕ್ಯಾಲೆಂಡರಿನ ಕಡೆ ನೋಡಿರಲಿಲ್ಲ.

ಅವರ ಮುಖ ನೋಡಲಾರದೆ ಹೆಡ್ ಮಿಸ್ ಹುಡುಗಿಯನ್ನು ಕರೆಸಿದರು. ಹನ್ನೆರಡು ವರ್ಷದ ಹುಡುಗಿ, ಎರಡು ಜಡೆ. ಅಳುತ್ತ ಬರುತ್ತಾಳೆಂದುಕೊಂಡರೆ ಕಣ್ಣು ಒಣಗಿದ್ದವು. ಕೈಯಲ್ಲಿ ಶಾಲೆಯ ಗ್ರಂಥಾಲಯದಿಂದ ತಂದ ನಿಯಮಗಳ ಪ್ರತಿ ಇತ್ತು. ಬೆಳಗಿನಿಂದ ಅದನ್ನೇ ಓದುತ್ತ ಕೂತಿದ್ದಳಂತೆ.

“ಮಿಸ್, ಒಂದು ಕೇಳ್ಲಾ? ಹನ್ನೊಂದನೇ ತಾರೀಕು ಸಾಯಂಕಾಲ ಬೆಲ್ ಯಾರು ಹೊಡೆದ್ರು?”

ಹೆಡ್ ಮಿಸ್ ಜವಾನನ ಹೆಸರು ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಆ ದಿನ ಎಲ್ಲ ಶಾಲೆಗಳ ಮುಖ್ಯಸ್ಥರೂ ಸಭೆಗೆ ಬರಬೇಕು, ಕುರ್ಚಿ ಹಾಕಲು ಜವಾನರನ್ನೂ ಕರೆತರಬೇಕು ಎಂದು ಸುತ್ತೋಲೆ ಇತ್ತು. ಬೆಲ್ ಹೊಡೆಯಬೇಕಾದವನು ಸಭಾಂಗಣದಲ್ಲಿ ನೀರು ಹಂಚುತ್ತಿದ್ದ.

“ನನ್ನ ಬೆಂಚಿನವಳು ಹೇಳಿದ್ಲು, ಬೆಲ್ಲೇ ಆಗ್ಲಿಲ್ಲ, ಐದು ಗಂಟೆವರೆಗೂ ಕೂತಿದ್ದು ಸುಮ್ನೆ ಎದ್ದು ಹೋದ್ವಿ ಅಂತ. ನಾಲ್ಕನೇ ನಿಯಮ ಓದಿ ಮಿಸ್. ಶುರುವಿನ ಬೆಲ್ಲು, ಮುಗಿಯೋ ಬೆಲ್ಲು, ಎರಡೂ ಆದ ದಿನ ಮಾತ್ರ ಶಾಲಾ ದಿನ ಅಂತಿದೆ. ಅವತ್ತು ಶಾಲೇನೇ ಇರ್ಲಿಲ್ಲ. ಇಲ್ಲದ ಶಾಲೆಗೆ ನಾನು ಗೈರಾಗೋದು ಹೇಗೆ?”

ಹೆಡ್ ಮಿಸ್ ನಾಲ್ಕನೇ ನಿಯಮವನ್ನು ಮೂರು ಸಲ ಓದಿದರು. ಪರಂತು ಓದಲಿಲ್ಲ, ಅವರಿಗೆ ಅದು ಬಾಯಿಪಾಠ. ಆರು ತಿಂಗಳು ಕೂತು ನೇಯ್ದ ಬಲೆಯಲ್ಲಿ ಮಗಳು ಆನೆ ಹೋಗುವಷ್ಟು ತೂತು ತೋರಿಸಿದ್ದಳು. ನಿಯಮ ಬರೆದವರಿಗೆ ಇದಕ್ಕಿಂತ ಅವಮಾನವಿಲ್ಲ. ಆದರೆ ತಂದೆಯ ಮುಖ ಊರಗಲವಾಗಿತ್ತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅವರು ಸುತ್ತಲೂ ಕಣ್ಣಾಡಿಸಿದರು. ಟಪಾಲು ಗುಮಾಸ್ತ ನೋಡುತ್ತಿದ್ದ. ಅಷ್ಟು ಸಾಕಿತ್ತು.

ಹೆಡ್ ಮಿಸ್ ಶಿಕ್ಷಣ ಕಚೇರಿಯ ದೊಡ್ಡ ಸಾಹೇಬರಿಗೆ ಫೋನು ಮಾಡಿದರು. ಸಾಹೇಬರು ಎಲ್ಲ ಕೇಳಿಸಿಕೊಂಡು, ಹಾಲ್ ಟಿಕೆಟ್ ಕೊಡಿ, ಪರಂತು ಅವರನ್ನು ಕೂಡಲೇ ಕಳಿಸಿ ಅಂದರು.

ಮೂರು ಗಂಟೆಗೆ ಪರಂತು ಸಾಹೇಬರ ಮುಂದೆ ನಿಂತಿದ್ದರು. ಅಷ್ಟರಲ್ಲಿ ಸಾಹೇಬರು ಉಳಿದ ಶಾಲೆಗಳನ್ನೂ ವಿಚಾರಿಸಿದ್ದರು. ಹನ್ನೊಂದನೇ ತಾರೀಖಿನ ಸಂಜೆ ಊರಿನ ಒಂದು ಶಾಲೆಯಲ್ಲೂ ಬೆಲ್ ಆಗಿರಲಿಲ್ಲ. ಇದನ್ನು ಕಂಡುಹಿಡಿದವರು ಯಾರು ಎಂದು ಸಾಹೇಬರು ಕೇಳಿದರು. ನನ್ನ ಮಗಳು ಸಾರ್, ಏಳನೇ ತರಗತಿ, ಅಂದರು ಪರಂತು. ಸಾಹೇಬರು ಎದ್ದು ಬಂದು ಕೈ ಕುಲುಕಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಾಹೇಬರು ಅವರ ಕೈ ಮುಟ್ಟಿದ್ದು ಅದೇ ಮೊದಲು.

ಆಮೇಲೆ ಸಾಹೇಬರು ಒಂದು ಆದೇಶ ಬರೆದುಕೊಳ್ಳಿ ಅಂದರು. ಪರಂತು ಸಂಭ್ರಮದಿಂದ ಪೆನ್ನು ಬಿಚ್ಚಿದರು. ಹನ್ನೊಂದನೇ ತಾರೀಖು ಶಾಲಾ ದಿನವಲ್ಲವೆಂದು ಈ ಮೂಲಕ ತಿಳಿಸಲಾಗಿದೆ; ಇದರಿಂದ ವರ್ಷದ ಶಾಲಾ ದಿನಗಳು ನೂರ ತೊಂಬತ್ತೊಂಬತ್ತಕ್ಕೆ ಇಳಿದಿವೆ; ಇನ್ನೂರು ದಿನವಾಗದೆ ಪರೀಕ್ಷೆ ನಡೆಸುವಂತಿಲ್ಲ; ಆದ್ದರಿಂದ ನಾಳೆ ಭಾನುವಾರ ಎಲ್ಲ ಶಾಲೆಗಳೂ ಪೂರ್ತಿ ದಿನ ನಡೆಯತಕ್ಕದ್ದು; ಎರಡೂ ಬೆಲ್ಲುಗಳನ್ನು ಇಲಾಖೆಯ ನೌಕರರು ತಾವೇ ಹೋಗಿ ನಿಂತು ಹೊಡೆಸತಕ್ಕದ್ದು. ಬಾಗಿಲಲ್ಲಿ ಇಣುಕಿ ಕೇಳುತ್ತಿದ್ದ ಟಪಾಲು ಗುಮಾಸ್ತನ ಕೈಯಿಂದ ಖಾಲಿ ಡಬ್ಬಿ ಜಾರಿ ಬಿತ್ತು. ಅವನ ಪಕ್ಕದಲ್ಲಿ ನಿಂತಿದ್ದ ಟೈಪಿಸ್ಟ್ ಮೇಡಂ, ಭಾನುವಾರ ತಂಗಿಯ ಮನೆಗೆ ಹೋಗಬೇಕಿದ್ದವರು, ಪರಂತು ಅವರನ್ನು ಕಣ್ಣಿನಲ್ಲೇ ಸುಟ್ಟರು.

ಪರಂತು ಇದಾವುದನ್ನೂ ನೋಡಲಿಲ್ಲ. ವಾಕ್ಯ ಅವರ ಕೈಯಲ್ಲಿ ಓಡುತ್ತಿತ್ತು. ಸಾಹೇಬರು ನಿಲ್ಲಿಸಿದ ಮೇಲೂ ಪೆನ್ನು ನಿಲ್ಲಲಿಲ್ಲ. ಅಭ್ಯಾಸಬಲದಿಂದ ಇನ್ನೊಂದು ಸಾಲು ಬರೆಯಿತು. ಪರಂತು, ಈ ಭಾನುವಾರದ ಗೈರುಹಾಜರಿಯನ್ನೂ ಮೂವತ್ತರ ಲೆಕ್ಕಕ್ಕೆ ಸೇರಿಸತಕ್ಕದ್ದು. ಸಾಹೇಬರು ಓದಿ, ಭೇಷ್ ಅಂದು ಸಹಿ ಹಾಕಿದರು. ಶಾಲೆ ಬಿಡುವ ಮೊದಲು ಆದೇಶ ಫೋನಿನಲ್ಲಿ ಎಲ್ಲ ಕಡೆ ಮುಟ್ಟಿತು.

ಸಂಜೆ ಮಗಳನ್ನು ಕರೆದುಕೊಂಡು ತಮ್ಮ ಬೀದಿಗೆ ತಿರುಗಿದಾಗ ಮಕ್ಕಳು ಆಟವಾಡುತ್ತಿರಲಿಲ್ಲ. ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದರು. ಚೆಂಡು ಚರಂಡಿಯ ಪಕ್ಕ ಬಿದ್ದಿತ್ತು, ಎತ್ತುವವರಿರಲಿಲ್ಲ. ಎದುರು ಮನೆಯ ದರ್ಜಿ ಅಳತೆಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬೀದಿಗೆ ಬಂದ. ಅವನಿಗೆ ಮೂವರು ಮಕ್ಕಳು, ಮೂವರೂ ಬೆನ್ನ ಹಿಂದೆ ನಿಂತರು.

“ಸಾರ್, ನೀವು ಆ ಆಫೀಸಲ್ಲೇ ಇರೋದು. ಭಾನುವಾರ ಸ್ಕೂಲು ಇಡೋ ಬುದ್ಧಿ ಯಾರಿಗೆ ಬಂತು ಹೇಳಿ. ಎಲ್ಲಿ ಸಿಕ್ಕರು ಅಂಥ ಬುದ್ಧಿವಂತರು?”

ಮಗಳು ಅಪ್ಪನ ಕೈ ಜಿಗುಟಿದಳು. ಹೇಳಬೇಡವೆಂದು ಪಿಸುಗುಟ್ಟಿದಳು. ಪರಂತು ಹೇಳಬಾರದೆಂದೇ ನಿಶ್ಚಯಿಸಿದರು. ಸೀನು ತಡೆಯುವವರಂತೆ ಉಸಿರು ಬಿಗಿಹಿಡಿದರು. ತುಟಿ ಅದುಮಿದರು. ಎದೆ ಮಾತ್ರ ಮುಂದೆ ಬರುತ್ತಲೇ ಹೋಯಿತು, ಅಂಗಿಯ ಮೇಲಿನ ಗುಂಡಿ ಎಳೆದುಕೊಂಡಿತು.

“ನಮ್ಮ ಮಗಳಿಗೆ,” ಅಂದರು ಪರಂತು. “ಇಡೀ ಇಲಾಖೆಗೆ ಕಾಣದ್ದು ಇವಳ ಕಣ್ಣಿಗೆ ಕಾಣ್ತು. ಏಳನೇ ಕ್ಲಾಸಷ್ಟೇ.”

ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ದರ್ಜಿಯ ದೊಡ್ಡ ಮಗಳು, ಅದೇ ಬೆಂಚಿನವಳು, ಒಂದು ಮಾತೂ ಆಡದೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗಳು ಕೈ ಬಿಡಿಸಿಕೊಂಡು ಮುಂದೆ ನಡೆದಳು. ಮೆಟ್ಟಿಲ ಮೇಲೆ ಚಪ್ಪಲಿ ಕಳಚಿ, ಹಿಂತಿರುಗಿ ನೋಡದೆ ಹೇಳಿದಳು.

“ನಾಳೆ ನಂಗೆ ಜ್ವರ ಬರುತ್ತೆ.”

“ಬಂದ್ರೆ ಮೂವತ್ತೊಂದಾಗುತ್ತೆ ಪುಟ್ಟಿ,” ಅಂದರು ಪರಂತು. “ಆ ಸಾಲು ನಾನೇ ಸೇರಿಸಿದ್ದು.”