ಮಣ್ಣು ಹೋದರೆ ನೀನೂ ಹೋದೆ

ವರ್ಷವಿಡೀ ಮಳೆಗಾಗಿ ಮುಗಿಲು ನೋಡುವ ಸೀಮೆಯಲ್ಲಿ ಮಳೆನೀರನ್ನು ಆಚೆ ಅಟ್ಟುವ ಕೆಲಸ ಹಿಡಿದವನಿಗೆ ಇಂಥವು ಆಗದೆ ಇನ್ನೇನಾದಾವು?

ಐವತ್ತರ ದಶಕದ ಮಾತು. ಅಕ್ಕಲಕೋಟದ ಹೊರಗೆ, ಇಳಿಜಾರಿನ ಮೇಲೆ, ಓದುವ ಹೆಣ್ಣುಮಕ್ಕಳಿಗಾಗಿ ಒಂದು ವಸತಿಗೃಹ ಏಳುತ್ತಿತ್ತು. ನಾನು ಅಲ್ಲಿಯ ಓವರ್‌ಸಿಯರ್. ಸೊಲ್ಲಾಪುರದ ಕಚೇರಿಯಲ್ಲಿ ನಕ್ಷೆ ತಿದ್ದಿ ತಿದ್ದಿ ಬೇಸತ್ತವನಿಗೆ ಮೊದಲ ಸಲ ಸ್ವಂತ ಜವಾಬ್ದಾರಿ ಸಿಕ್ಕಿತ್ತು. ಪಾಯ ತೋಡುವ ಮೊದಲು ಮೇಲಿನ ಕರಿಮಣ್ಣನ್ನೆಲ್ಲ ಕೆತ್ತಿ ಒಂದು ಕಡೆ ಗುಡ್ಡೆ ಹಾಕಿಸಿದ್ದೆ. ಕಟ್ಟಡ ಮುಗಿದ ಮೇಲೆ ಅಂಗಳದ ತೋಟಕ್ಕೆ ಅದು ಬೇಕಾಗಿತ್ತು. ನಮ್ಮ ಇಂಜಿನಿಯರ್ ಸಾಹೇಬರಿಗಂತೂ ಗೋಡೆಗಿಂತ ಆ ಗುಡ್ಡೆಯ ಮೇಲೇ ಜೀವ. ಜೀಪು ಹತ್ತುವಾಗ ಅದರ ಕಡೆ ಬೆರಳು ತೋರಿಸಿ, ಮರಾಠಿಯಲ್ಲಿ, "ಮಾತಿ ಗೇಲಿ ತರ್ ತೂಹೀ ಗೇಲಾಸ್" ಎಂದರು. ಮಣ್ಣು ಹೋದರೆ ನೀನೂ ಹೋದೆ, ಮತ್ತೆ ನಕ್ಷೆಯ ಮೇಜಿಗೇ, ಅಂತ ಅರ್ಥ.

ಪಾಯದಾಗ ಗಂಗವ್ವ

ಜೂನಿನಲ್ಲಿ, ಮಿರಗದ ಮೊದಲ ಮಳೆಗೇ ಪಾಯ ತುಂಬಿ ನಿಂತಿತು. ನೀರು ಎತ್ತಿ ಹಾಕಲು ಆಳುಗಳನ್ನು ಕರೆದುಕೊಂಡು ಹೋದರೆ, ಅಲ್ಲಿ ಆಗಲೇ ಹೆಂಗಸರ ಸಾಲು. ಅರಿಷಿಣ, ಕುಂಕುಮ, ತೆಂಗಿನಕಾಯಿ! ಮುಂದೆ ನಿಂತವಳು ಕೆಳಗಿನ ಹೊಲದ ಮುದುಕಿ, ಎಲ್ಲರಿಗೂ ಆಯಿ.

"ಆಯಿ, ಇದು ಪಾಯಾರಿ, ಕೆರಿ ಅಲ್ಲ" ಎಂದೆ.

"ನೀರಿಗೇನ ಗೊತ್ತೋ ತಮ್ಮಾ, ಪಾಯಾ ಯಾವದು, ಕೆರಿ ಯಾವದು? ಗಂಗವ್ವ ತಾನ ನಡಕೊಂತ ಬಂದಾಳ, ಕೈ ಮುಗಿ."

ಅಷ್ಟು ಮುಖಗಳಲ್ಲಿ ಅಂಥ ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ಆ ರಾಡಿ ನೀರಿಗೆ ನಾನೂ ಮನಸಾರೆ ಕೈ ಮುಗಿದೆ. ಕಣ್ಣು ತೆರೆದರೆ ಎದುರಿಗೆ ಸಾಹೇಬರು.

"ನೀರ ಹೊರಗ ಹಾಕಸಂದ್ರ," ಎಂದರು, "ನೈವೇದ್ಯ ಮಾಡಾಕತ್ತೀಯೇನೋ?"

ಗಣಪ್ಪನ ಪಾಲು

ಆ ಮಳೆಗೆ ಗುಡ್ಡೆಯ ಒಂದು ಮಗ್ಗುಲು ಕೊರೆದುಹೋಗಿತ್ತು. ಮೇಲೆ ಹುಲ್ಲು ಹಚ್ಚು ಎಂದು ಸಾಹೇಬರ ಅಪ್ಪಣೆಯಾಯಿತು. ಬೋರಾಮಣಿ ಕಡೆಯಿಂದ ಚಕ್ಕಡಿಯಲ್ಲಿ ಬೇರುಸಹಿತ ಕರಿಕಿ, ಅಂದರೆ ಗರಿಕೆ ಹುಲ್ಲು, ತರಿಸಿ ಗುಡ್ಡೆಯ ತುಂಬ ನೆಟ್ಟೆವು. ನೋಡನೋಡುತ್ತ ಹಸಿರು ಹಬ್ಬಿತು. ಸಣ್ಣ ಸಣ್ಣ ಬೇರು ಅಷ್ಟು ದೊಡ್ಡ ರಾಶಿಯನ್ನು ಹಿಡಿದು ನಿಲ್ಲಿಸಿದ್ದು ನೋಡಿ ನನಗೆ ಸೋಜಿಗ. ಊಟದ ಹೊತ್ತಿನಲ್ಲೂ ಅದರ ಎದುರಿಗೇ ಕೂಡುತ್ತಿದ್ದೆ.

ಗಣೇಶ ಚೌತಿಯ ಮುಂಜಾನೆ ಹೋಗಿ ನೋಡಿದರೆ ಗುಡ್ಡೆಯ ತುಂಬ ಜನವೋ ಜನ.

"ಹುಲ್ಲ ಕೀಳಬ್ಯಾಡ್ರೀ!" ಎಂದು ಕೂಗಿದೆ.

"ಹುಲ್ಲಲ್ರೀ, ಗಣಪ್ಪನ ಕರಿಕಿ!" ಎಂದು ಎಲ್ಲರೂ ಕೂಡಿ ಉತ್ತರ ಕೊಟ್ಟರು.

ಮಣ್ಣು ಹಸಿ, ಹುಲ್ಲು ಬೇರುಸಹಿತ ಎದ್ದು ಬರುತ್ತಿತ್ತು. ಮಧ್ಯಾಹ್ನಕ್ಕೆ ಗುಡ್ಡೆ ಬೋಳು. ಬಯ್ಯಿಸಿಕೊಳ್ಳುವುದಾದರೆ ಇಂದೇ ಆಗಲಿ ಎಂದು ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ, ಸಾಹೇಬರ ಮನೆಗೆ ಹೋದೆ. ಅವರ ಗಣಪತಿ ಕುತ್ತಿಗೆಯವರೆಗೆ ಕರಿಕಿಯಲ್ಲಿ ಮುಳುಗಿ ಕೂತಿದ್ದ.

"ಎಷ್ಟ್ ಎಳೀ ಕರಿಕಿ ನೋಡ್ರಿ," ಎಂದರು ಸಾಹೇಬರ ಹೆಂಡತಿ, ಬಾಯಿಸಾಹೇಬರು. "ಅಕ್ಕಲಕೋಟದಿಂದ ತರಸೇನಿ. ಅಲ್ಲೊಂದು ಗುಡ್ಡೆ ತುಂಬ ಬೆಳದೈತಂತ, ಕೇಳವರ ಯಾರೂ ಇಲ್ಲಂತ."

ಸಾಹೇಬರು ನನ್ನ ಮುಖ ನೋಡಿದರು. ನನ್ನ ತಾಟಿಗೆ ಇನ್ನೊಂದು ಮೋದಕ ಹಾಕಿದರು.

ಹಸ್ತಾ ಮಳೆ

ಮುಂದೆ ಸಾಹೇಬರಿಗೆ ಕೆಲವು ತಿಂಗಳು ಪುಣೆಯಲ್ಲಿ ಕೆಲಸ ಬಿತ್ತು. ಹೋಗುವ ಮುನ್ನ ಅದೇ ಬೆರಳು, ಅದೇ ಮಾತು.

ಅವರು ಅತ್ತ ಹೋದದ್ದೇ ತಡ, ಇತ್ತ ಹಸ್ತಾ ಮಳೆ ಹಿಡಿಯಿತು. ಇಳಿಜಾರೆಲ್ಲ ಒಂದೇ ಹೊಳೆ. ನಾನು ತೋಡಿಸಿದ್ದ ಚರಂಡಿ ಎಲ್ಲಿತ್ತೆಂದೇ ತಿಳಿಯಲಿಲ್ಲ. ನೀರು ಕೆಳಗಿನ ಹೊಲದ ಒಡ್ಡಿಗೆ ಬಡಿದು, ಹಿಂದಕ್ಕೆ ಏರಿ, ಅರ್ಧ ಎದ್ದ ನಮ್ಮ ಗೋಡೆಗಳ ಬುಡಕ್ಕೆ ಬಂತು. ಆಗ ಆಯಿಯ ಗಂಡ ಮುತ್ಯಾ ಸಲಕಿ ಹೆಗಲಿಗೆ ಹಾಕಿಕೊಂಡು ಬಂದ. ಜಗಳಕ್ಕೇ ಬಂದ ಎಂದುಕೊಂಡೆ. ಅವನು ತನ್ನ ಒಡ್ಡನ್ನು ತಾನೇ ಕಡಿದು ದಾರಿ ಬಿಟ್ಟ.

"ಬಿತ್ತೂದು ಇನ್ನೂ ಐತಿ," ಎಂದ. "ಹೊಲಾ ಹಸದೈತಿ, ಕುಡೀಲಿ!"

ನೀರು ಹೊಲಕ್ಕೆ ನುಗ್ಗಿತು. ಅದರ ಬೆನ್ನಿಗೇ ನನ್ನ ಗುಡ್ಡೆ, ಹೋಳು ಹೋಳಾಗಿ ಕಳಚಿ, ಸದ್ದಿಲ್ಲದೆ ಹೋಯಿತು. ಹೆದರಬೇಕಾದ ಹೊತ್ತಿನಲ್ಲಿ ನಾನು ಬಾಯಿ ತೆರೆದು ನೋಡುತ್ತ ನಿಂತಿದ್ದೆ. ಅಂಥ ಬಲವನ್ನು ಕಣ್ಣಾರೆ ಕಾಣುವುದೇ ಒಂದು ಭಾಗ್ಯ ಅನ್ನಿಸಿತು. ಮಳೆ ನಿಂತಾಗ ಗೋಡೆಗಳು ಉಳಿದಿದ್ದವು, ಮಣ್ಣು ಹೋಗಿತ್ತು. ಅಂದಮೇಲೆ ನಾನೂ ಹೋದಂತೆಯೇ.

ಸಾಹೇಬರು ತಿರುಗಿ ಬಂದದ್ದು ಸರಿಯಾಗಿ ಎಳ್ಳಮವಾಸಿಯ ದಿನ. ಹೊಲಕ್ಕೆ ಪೂಜೆ ಮಾಡಿ ಹೊಲದಲ್ಲೇ ಉಣ್ಣುವ ಆ ದಿನ, ಹತ್ತಿರ ಸುಳಿದವರನ್ನು ಉಣಿಸದೆ ಯಾರು ಬಿಡುತ್ತಾರೆ? ಅವರು ಜೀಪಿನಿಂದ ಇಳಿಯುವಷ್ಟರಲ್ಲೇ ಆಯಿ ಇಬ್ಬರನ್ನೂ ಹೊಲಕ್ಕೆ ಎಳೆದೊಯ್ದಳು. ಸುತ್ತ ಎದೆಯುದ್ದ ಜೋಳ, ಎಲೆಯೋ ಕಪ್ಪು ಹಸಿರು. ನಡುವೆ ಕಂಬಳಿ ಹಾಸಿ ಭಜ್ಜಿ, ಕಡಬು, ಅಂಬಲಿ ಬಡಿಸಿದಳು. ಸಾಹೇಬರು ಗಡದ್ದಾಗಿ ಉಂಡು, ಕೈ ಒರೆಸಿಕೊಳ್ಳುತ್ತ ಕಟ್ಟಡದ ಕಡೆ ಹೊರಳಿ ನೋಡಿದರು.

"ಗುಡ್ಡೆ ಎಲ್ಲೋ? ಮಣ್ಣ ಎಲ್ಲಿ ಹೋತು?"

ನಾನು ತಿನ್ನುತ್ತಿದ್ದ ಕಡಬನ್ನು ತಾಟಿಗೆ ಇಟ್ಟೆ.

"ಎಲ್ಲೂ ಹೋಗಿಲ್ರೀ," ಎಂದ ಮುತ್ಯಾ. "ಅದರ ಮ್ಯಾಲನ ಕುಂತೀರಿ."

ಸಾಹೇಬರು ಕೂತಲ್ಲೇ ಸರಿದು, ಕಂಬಳಿಯ ಅಂಚು ಎತ್ತಿ, ಒಂದು ಹಿಡಿ ಮಣ್ಣು ತೆಗೆದು ಮೂಸಿದರು. ಮುಖವೆತ್ತಿ ಜೋಳವನ್ನು ನೋಡಿದರು. ಆಮೇಲೆ ಮಣ್ಣನ್ನು ಮೆಲ್ಲಗೆ ಕೆಳಗಿಟ್ಟು ತಾಟು ಮುಂದಕ್ಕೆ ಚಾಚಿದರು.

"ಆಯಿ, ಇನ್ನೊಂದ ಕಡಬ ಹಾಕ್ರಿ. ಇವಗೂ ಒಂದ ಹಾಕ್ರಿ," ಎಂದರು. "ಮಣ್ಣ ಹೋಗಿಲ್ಲಂದ್ರ ಇವನೂ ಹೋಗೂದಿಲ್ಲ."